ಮಂಚದ ಕೆಳಗಿನ ನಂದಿ ಹಾಲ್ಟ್

ಪ್ರತಿ ತಿಂಗಳು 20ನೇ ತಾರೀಖು ಬಂತು ಅಂದರೆ ನಮ್ಮ ಆಫೀಸಿನಲ್ಲಿ ಜಿಎಸ್‌ಟಿ ರಿಟರ್ನ್ ಗಡಿಬಿಡಿ. ಮನೆ ಸೇರುವಾಗ ಒಂಬತ್ತೂವರೆ ದಾಟಿರುತ್ತದೆ. ಊಟ ಮುಗಿಸಿ ಮಂಚದ ಕೆಳಗಿಂದ ಒಂದು ಪ್ಲೈವುಡ್ ಹಲಗೆ ಎಳೆದುಕೊಳ್ಳುತ್ತೇನೆ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ. ಅದರ ಮೇಲೆ ನಂದಿ ಬೆಟ್ಟದ ಹತ್ತಿರದ ನಂದಿ ಹಾಲ್ಟ್ ರೈಲ್ವೆ ಸ್ಟೇಷನ್ನಿನ ಪುಟ್ಟ ಮಾದರಿ ಇದೆ. ಯಲಹಂಕದ ನಮ್ಮ ಬಾಡಿಗೆ ಮನೆಯಲ್ಲಿ ಇದಕ್ಕಿಂತ ದೊಡ್ಡದಕ್ಕೆ ಜಾಗ ಇಲ್ಲ.

ಮಾಡೆಲ್ ರೈಲು ಮಾಡುವವರು ಜಾಸ್ತಿ ಬಳಸುವುದು ಎಚ್‌ಓ ಅಳತೆ. ಅಂದರೆ ನಿಜದ 87 ಮಿ.ಮೀ. ಇಲ್ಲಿ 1 ಮಿ.ಮೀ. ಅದರ ಹಳಿಯ ಅಗಲ, ಅಂದರೆ ಎರಡು ಕಂಬಿಗಳ ನಡುವಿನ ಅಂತರ, 16.5 ಮಿ.ಮೀ. ಆದರೆ ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ 19 ದಾಟುತ್ತದೆ. ಅಂಗಡಿಯ ಹಳಿ ನಮ್ಮ ರೈಲಿಗೆ ಕಿರಿದು. ಇದು ತುಂಬಾ ದಿನ ನನ್ನ ತಲೆ ಕೊರೆಯುತ್ತಿತ್ತು. ಒಂದು ರಾತ್ರಿ ಸುಮ್ನೆ ಕ್ಯಾಲ್ಕುಲೇಟರ್ ಹಿಡಿದು, ಹಳೇ ಯಶವಂತಪುರ–ಚಿಕ್ಕಬಳ್ಳಾಪುರ ನ್ಯಾರೋಗೇಜಿನ ಲೆಕ್ಕ ಹಾಕಿದೆ. 762 ಮಿ.ಮೀ.ಯನ್ನು 87ರಿಂದ ಭಾಗಿಸಿದೆ. 8.76 ಬಂತು. ಇನ್ನೂ ಚಿಕ್ಕದಾದ ಎನ್ ಅಳತೆಯ ರೈಲಿಗೆ ಸಿಗುವ ಹಳಿ 9 ಮಿ.ಮೀ. ವ್ಯತ್ಯಾಸ ಕಾಲು ಮಿಲಿಮೀಟರೂ ಇಲ್ಲ! ಅಂಗಡಿಯ ಆ ಹಳಿಯ ಮೇಲೇ ಹಳೇ ನ್ಯಾರೋಗೇಜ್ ರೈಲು ಮಾಡಬಹುದು. ಅವತ್ತು ನನಗೆ ನಿದ್ದೆ ಬರಲಿಲ್ಲ. ಅಮ್ಮ ಚಿಕ್ಕ ಹುಡುಗಿಯಾಗಿದ್ದಾಗ ಓಡಾಡಿದ್ದು ಅದೇ ರೈಲಿನಲ್ಲಿ.

ಮೊದಲು ಹಳಿಯ ಜಲ್ಲಿ. ನಿಜವಾದ ಜಲ್ಲಿ ಐದು ಸೆಂಟಿಮೀಟರ್ ಅಂತ ಇಟ್ಟುಕೊಂಡರೆ ನನಗೆ ಬೇಕಾದ್ದು ಅರ್ಧ ಮಿಲಿಮೀಟರಿನ ಕಾಳು. ಅಡುಗೆಮನೆಯಲ್ಲಿ ಅಂಥದ್ದು ರವೆ ಒಂದೇ. ಬೂದು ಬಣ್ಣ ಕಲಸಿ ಹರಡಿದೆ, ನೋಡಲು ಚೆನ್ನಾಗಿಯೇ ಇತ್ತು. ಎರಡೇ ವಾರದಲ್ಲಿ ಇರುವೆ ಸಾಲು ಹಿಡಿಯಿತು. ಬೆಳಿಗ್ಗೆ ಎದ್ದು ನೋಡಿದರೆ ಅರ್ಧ ಅಡಿ ಹಳಿಯ ಕೆಳಗೆ ಪ್ಲೈವುಡ್ ಕಾಣುತ್ತಿತ್ತು. ಅಳು ಬಂತು. ಎಲ್ಲ ಕೆರೆದು ತೆಗೆದೆ. ಪಕ್ಕದ ಬೀದಿಯಲ್ಲಿ ಮನೆ ಕಟ್ಟುತ್ತಿದ್ದವರನ್ನು ಕೇಳಿ ಒಂದು ಡಬ್ಬಿ ಎಂ ಸ್ಯಾಂಡ್ ತಂದು, ಹಳೇ ಜರಡಿಯಲ್ಲಿ ಮೂರು ಸಲ ಜರಡಿ ಹಿಡಿದೆ. ಹಳಿಯ ಮೇಲೆ ಉದುರಿಸಿ ಬ್ರಷ್‌ನಲ್ಲಿ ಸರಿಮಾಡಿ, ಪಾತ್ರೆ ತೊಳೆಯುವ ಸೋಪಿನ ನೀರು ಚಿಮುಕಿಸಬೇಕು. ಆಮೇಲೆ ತೆಳ್ಳಗೆ ಮಾಡಿದ ಫೆವಿಕಾಲ್ ಅನ್ನು ಡ್ರಾಪರ್‌ನಲ್ಲಿ ಹನಿ ಹನಿ ಬಿಡಬೇಕು. ಸೋಪಿನ ನೀರು ಇಲ್ಲದಿದ್ದರೆ ಅಂಟು ಒಳಗೆ ಇಳಿಯುವುದಿಲ್ಲ, ಮೇಲೆಯೇ ಗುಂಡಗೆ ನಿಲ್ಲುತ್ತದೆ. ಒಂದಡಿ ಹಳಿಗೆ ಒಂದು ಗಂಟೆ ಹಿಡಿಯುತ್ತದೆ. ಆ ಒಂದು ಗಂಟೆಯಲ್ಲಿ ನನಗೆ ಆಫೀಸು ನೆನಪಾಗುವುದೇ ಇಲ್ಲ.

ಸ್ಟೇಷನ್ನಿನ ಹೆಂಚಿಗೆ ಪಿಜ್ಜಾ ಡಬ್ಬಿಯ ರಟ್ಟು. ಮೇಲಿನ ಪದರ ನೆನೆಸಿ ಸುಲಿದರೆ ಒಳಗಿನ ಅಲೆಅಲೆಯಾದ ಕಾಗದ ಮಂಗಳೂರು ಹೆಂಚಿನ ಸಾಲಿನ ಹಾಗೇ ಕಾಣುತ್ತದೆ. ನಂದಿ ಬೆಟ್ಟವನ್ನು ಹಿಂದಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆದೆ.

ಹೋದ ಭಾನುವಾರ ಮೊದಲ ಸಲ ರೈಲು ಓಡಿಸಿದಾಗ ಅಮ್ಮ ಸ್ಟೂಲ್ ಹಾಕಿಕೊಂಡು ಕೂತಿದ್ದರು.

"ಇಷ್ಟು ಜೋರಾಗಿ ಎಲ್ಲಿ ಹೋಗ್ತಿತ್ತೇ ಅದು? ನಿಧಾನ ಮಾಡು."

ನಿಜವಾದ ರೈಲಿನ ವೇಗ ಗಂಟೆಗೆ 20 ಕಿ.ಮೀ. ಅಂತ ಇಟ್ಟುಕೊಂಡರೆ ನನ್ನ ಹಳಿಯ ಮೇಲೆ ಸೆಕೆಂಡಿಗೆ ಆರೂವರೆ ಸೆಂ.ಮೀ. ಒಳಗೇ ಆಯಿತು. ನಾಲ್ಕಡಿ ದಾಟಲು 19 ಸೆಕೆಂಡ್ ಬೇಕು. ಅಷ್ಟು ನಿಧಾನಕ್ಕೆ ಓಡಬೇಕಾದರೆ ಹಳಿಯ ಮೇಲೆ ಚೂರೂ ಧೂಳಿರಬಾರದು, ಇದ್ದರೆ ಹಳಿಯಿಂದ ಬರುವ ಕರೆಂಟ್ ತಪ್ಪಿ ಎಂಜಿನ್ ನಿಂತುಬಿಡುತ್ತದೆ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಎರಡು ಸಲ ಒರೆಸಿದೆ. ಮತ್ತೆ ಬಿಟ್ಟೆ. ಅಮ್ಮ ಗಡಿಯಾರ ನೋಡಲಿಲ್ಲ, ರೈಲನ್ನೇ ನೋಡುತ್ತಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿದರೆ ಕಣ್ಣಿಗೆ ಇದ್ದಿಲ ಪುಡಿ ಬೀಳುತ್ತಿತ್ತು ಅಂದರು. ಆಮೇಲೆ ಬೆರಳು ಚಾಚಿ, "ಹುಣಸೆ ಮರ ಆ ಕಡೆ ಅಲ್ಲ ಕಣೇ, ಈ ಕಡೆ" ಅಂದರು.

ಒಣಗಿದ ತುಳಸಿ ಕಡ್ಡಿಯಲ್ಲಿ ಮಾಡಿದ ಮರ ಅದು. ಕಿತ್ತು ಈಚೆಗೆ ನೆಟ್ಟಿದ್ದೇನೆ. ಅಂಟು ಇನ್ನೂ ಹಸಿ ಇದೆ, ಹಲಗೆಯನ್ನು ಇವತ್ತು ಮಂಚದ ಕೆಳಗೆ ತಳ್ಳುವುದಿಲ್ಲ.