ಎಫ್‌ಸಿಂಕ್ ಕಾಟ ಮತ್ತು ಬೂತಾಯಿಯ ಬಿಡುಗಡೆ

ಕರಾವಳಿಯ ನಾವು ಕೆಲವರು ನಮ್ಮ ನಮ್ಮ ಸಾಫ್ಟ್‌ವೇರ್ ಪರೀಕ್ಷಿಸಲು ಹಂಚಿಕೊಂಡಿರುವ ಎರಡು ಮೆಷಿನ್‌ಗಳಲ್ಲಿ ಒಂದು ಬೂತಾಯಿ. ಅದರಲ್ಲಿ ಒಬ್ಬರೇ ಟೆಸ್ಟ್ ಓಡಿಸಿದರೆ ನಾಲ್ಕು ನಿಮಿಷ. ನಾಲ್ಕು ಜನ ಒಟ್ಟಿಗೆ ಓಡಿಸಿದರೆ ಮುಕ್ಕಾಲು ಗಂಟೆ, ಅದೂ ಟೈಮ್‌ಔಟ್ ಆಗದಿದ್ದರೆ. ಸಿಪಿಯು ನೋಡಿದರೆ ಆರಾಮವಾಗಿ ಮಲಗಿದೆ. ರ‍್ಯಾಮ್ ಅರ್ಧ ಖಾಲಿ. ಎಂತ ಸಾವು ಮಾರಾಯ್ರೆ ಇದು ಎಂದು ಎಲ್ಲರೂ ತಲೆ ಕೆರೆದುಕೊಂಡದ್ದು ಕೊನೆಗೂ ಮುಗಿಯಿತು.

ಸೆಟಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯಾವುದೋ ಆಫೀಸು ಹೊರಹಾಕಿದ ಎರಡು ಡೆಸ್ಕ್‌ಟಾಪ್, ಮೇಲೆ ಒಂದು ಮೆಷಿನನ್ನು ಹಲವಾಗಿ ಹಂಚುವ ಪ್ರಾಕ್ಸ್‌ಮಾಕ್ಸ್, ಒಳಗೆ ಪ್ರಾಜೆಕ್ಟಿಗೊಂದು ಎಲ್‌ಎಕ್ಸ್‌ಸಿ ಕಂಟೇನರ್ (ಪ್ರತ್ಯೇಕ ಕೋಣೆ ಇದ್ದಂತೆ), ಎಲ್ಲದರಲ್ಲೂ ಡೆಬಿಯನ್ 13 ಲಿನಕ್ಸ್. ಮೆಷಿನ್‌ಗಳಿರುವ ಮಂಗಳೂರು ಕದ್ರಿಯ ಮನೆಯ ಫೈಬರ್‌ಗೆ ಸ್ವಂತ ಐಪಿ ವಿಳಾಸ ಇಲ್ಲ, 100.64ರಿಂದ ಶುರುವಾಗುವ, ಹೊರಗಿನಿಂದ ನೇರ ತಲುಪಲಾಗದ ಹಂಚಿಕೆಯ ವಿಳಾಸವೇ ಗತಿ. ಹಾಗಾಗಿ ಹೊರಗಿನ ಚಿಕ್ಕ ವಿಪಿಎಸ್ (ಬಾಡಿಗೆ ಸರ್ವರ್) ಒಂದಕ್ಕೆ ವೈರ್‌ಗಾರ್ಡ್ ಸುರಂಗ, ಅಂದರೆ ಗುಪ್ತ ಸಂಪರ್ಕ. ಇದಿಷ್ಟಕ್ಕೆ ಹಿಡಿದದ್ದು ಒಂದು ಭಾನುವಾರ. ಮೆಷಿನ್‌ಗಳಿಗೆ ಹೆಸರಿಡುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಹೋಯಿತು. ಮಂಗಳೂರಿನವರು ಬೂತಾಯಿ, ಅಂಜಲ್ ಎಂದು ಮೀನಿನ ಹೆಸರು ಇಟ್ಟರು. ಉಡುಪಿಯವರು ಒಪ್ಪಲಿಲ್ಲ, ಮೂರನೆಯದು ಬಂದರೆ ಅದು ತಮ್ಮೂರಿನ ಬದನೆ ಮಟ್ಟುಗುಳ್ಳವೇ ಆಗಬೇಕು ಎಂದು ಬರೆಸಿಕೊಂಡರು. ಮೂರನೆಯದು ಬರುವ ಲಕ್ಷಣ ಸದ್ಯಕ್ಕಿಲ್ಲ.

ಸರಿ, ಬೂತಾಯಿ ತೆವಳುವ ವಿಷಯ. ಒಬ್ಬರು ರ‍್ಯಾಮ್ ಹಾಳಾಗಿದೆ ಎಂದರು. ಇನ್ನೊಬ್ಬರ ಪ್ರಕಾರ ಸಮುದ್ರದ ಉಪ್ಪುಗಾಳಿಗೆ ಸ್ಲಾಟ್ ತುಕ್ಕು ಹಿಡಿದಿತ್ತು. ಈ ಊರಿನಲ್ಲಿ ಅದು ಆಗದ ಮಾತೇನಲ್ಲ, ಬಿಚ್ಚಿ ನೋಡಿದೆವು, ಸ್ಲಾಟ್ ಫಳಫಳ. ಸುರಂಗ ನಿಧಾನ ಎಂದವರೂ ಇದ್ದರು. ಟೆಸ್ಟ್ ಓಡುವಾಗ ಸುರಂಗದಲ್ಲಿ ದಾಟುವುದು ಬರೀ ಲಾಗ್ ಎಂದು ಅವರನ್ನು ಸುಮ್ಮನಾಗಿಸಿದೆವು. ಡಿಸ್ಕ್ ಎಷ್ಟು ದುಡಿಯುತ್ತಿದೆ ಎಂದು ತೋರಿಸುವ ಐಓಸ್ಟ್ಯಾಟ್ ತೆರೆದಾಗ ಸುಳಿವು ಸಿಕ್ಕಿತು. ಡಿಸ್ಕ್‌ಗೆ ಹೋಗುತ್ತಿರುವ ಡೇಟಾ ಏನೇನೂ ಅಲ್ಲ, ಆದರೂ ಡಿಸ್ಕ್ ನೂರಕ್ಕೆ ನೂರು ಬ್ಯುಸಿ. ಡಬ್ಬಿಯ ಮೇಲೆ ಸೆಕೆಂಡಿಗೆ 3,500 ಎಂಬಿ ಎಂದು ದಪ್ಪಕ್ಷರದಲ್ಲಿ ಬರೆದುಕೊಂಡ ಎನ್‌ವಿಎಂಇ ಡಿಸ್ಕ್ ಅದು! ಡಿಸ್ಕ್ ವೇಗ ಅಳೆಯುವ ಎಫ್‌ಐಓದಲ್ಲಿ ನಾಲ್ಕು ಕೆಬಿ ಬರೆ, ಎಫ್‌ಸಿಂಕ್ ಮಾಡು (ಬರೆದದ್ದು ನಿಜವಾಗಿ ಡಿಸ್ಕ್ ಸೇರಿತೆಂದು ಖಾತ್ರಿ ಮಾಡು), ಪುನಃ ಬರೆ ಎಂದು ಓಡಿಸಿದಾಗ ಸೆಕೆಂಡಿಗೆ ಸಾವಿರ ಸಲವೂ ದಾಟಲಿಲ್ಲ. 3,500 ಎಂಬುದು ಲೊಟ್ಟೆಯಲ್ಲ, ದೊಡ್ಡ ಫೈಲನ್ನು ಸಾಲಾಗಿ ಓದುವ ವೇಗ ಅದು. ನಮ್ಮ ಕೆಲಸಕ್ಕೆ ಮಾತ್ರ ಸಂಬಂಧವಿಲ್ಲ.

ಆಗುವುದಿಷ್ಟು. ನಮ್ಮ ಟೆಸ್ಟ್‌ಗಳು ಬಳಸುವ ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದು ಪ್ರತಿ ಕಮಿಟ್‌ಗೂ (ಬದಲಾವಣೆಯನ್ನು ಪಕ್ಕಾ ಮಾಡುವಾಗಲೆಲ್ಲ) ತನ್ನ ವಾಲ್ ಲಾಗನ್ನು, ಅಂದರೆ ಬದಲಾವಣೆಗಳ ದಿನಚರಿಯನ್ನು, ಡಿಸ್ಕ್‌ಗೆ ತಲುಪಿಸಿ, ತಲುಪಿತು ಎಂದು ಉತ್ತರ ಬರುವವರೆಗೆ ಕಾಯುತ್ತದೆ. ಕೆಪ್ಯಾಸಿಟರ್ ಇರುವ ಸರ್ವರ್ ಡಿಸ್ಕ್ ಆದರೆ ಕ್ಯಾಶ್‌ನಲ್ಲಿ (ತಾತ್ಕಾಲಿಕ ಮೆಮೊರಿಯಲ್ಲಿ) ಇಟ್ಟುಕೊಂಡ ಕೂಡಲೇ ತಲುಪಿತು ಎಂದು ಹೇಳಬಹುದು, ಕರೆಂಟು ಹೋದರೂ ಕೆಪ್ಯಾಸಿಟರಿನ ಚೂರು ಚಾರ್ಜ್‌ನಲ್ಲಿ ಬರೆದು ಮುಗಿಸುತ್ತದೆ. ಅಗ್ಗದ ಡಿಸ್ಕ್‌ಗೆ ಆ ಧೈರ್ಯ ಇಲ್ಲ, ಪ್ರತಿ ಸಲವೂ ನಿಜವಾಗಿ ಫ್ಲ್ಯಾಶ್‌ಗೆ ಬರೆಯಲೇಬೇಕು. ಮಂಗಳೂರಿನ ಸಿಟಿ ಬಸ್ಸಿನ ಕಂಡಕ್ಟರ್ ಒಂದೊಂದು ಟಿಕೆಟಿಗೂ ಬಸ್ ನಿಲ್ಲಿಸಿ ಟ್ರಿಪ್‌ಶೀಟ್ ತುಂಬಿಸಿದರೆ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಿಂದ ಸುರತ್ಕಲ್ ಯಾವಾಗ ಮುಟ್ಟುವುದು? ಕಂಟೇನರ್‌ಗಳು ಬೇರೆ ಬೇರೆ ಇರಬಹುದು, ಕೆಳಗಿನ ಡಿಸ್ಕ್ ಒಂದೇ. ನಾಲ್ವರ ಎಫ್‌ಸಿಂಕ್‌ಗಳೂ ಅದೇ ಕ್ಯೂನಲ್ಲಿ.

ಇಲ್ಲಿ ತಮಾಷೆ ಏನೆಂದರೆ, ಎಪ್ರಿಲ್-ಮೇ ಸಿಡಿಲಿಗೆ ಕರೆಂಟು ಹಾರುವ ನಮ್ಮೂರಲ್ಲಿ ಎಫ್‌ಸಿಂಕ್ ದೇವರಂತಹದ್ದೇ. ಆದರೆ ಟೆಸ್ಟ್ ಡೇಟಾಬೇಸ್ ಹುಟ್ಟಿ ಸಾಯುವುದು ನಾಲ್ಕು ನಿಮಿಷದಲ್ಲಿ. ಅದನ್ನು ಸಿಡಿಲಿನಿಂದ ಕಾಪಾಡಿ ಮಾಡುವುದೇನು? ಪೋಸ್ಟ್‌ಗ್ರೆಸ್‌ನ ದಾಖಲೆಯಲ್ಲೇ ಇದಕ್ಕೊಂದು ಪ್ರತ್ಯೇಕ ಭಾಗ ಉಂಟು, ಡೇಟಾ ಕಾಯುವ ಸೆಟ್ಟಿಂಗ್‌ಗಳನ್ನು ಬಿಡಲು: ಎಫ್‌ಸಿಂಕ್ ಆಫ್, ಸಿಂಕ್ರೊನಸ್ ಕಮಿಟ್ ಆಫ್, ಫುಲ್ ಪೇಜ್ ರೈಟ್ಸ್ ಆಫ್. ಮೂರೂ ಆಫ್ ಮಾಡಿದೆವು. ಒಬ್ಬರೇ ಓಡಿಸಿದಾಗ ಹಾರಿತು. ನಾಲ್ವರು ಓಡಿಸಿದಾಗ ಪುನಃ ತೆವಳಿತು.

ಇದಕ್ಕೇ ಪಿತ್ತ ನೆತ್ತಿಗೇರಿದ್ದು. ಹುಡುಕಿದರೆ ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕುವ ಡಿಪಿಕೆಜಿ! ಪ್ರತಿ ಟೆಸ್ಟ್‌ಗೂ ಹೊಸದಾಗಿ ಪ್ಯಾಕೇಜ್ ಹಾಕುವವರು ನಮ್ಮಲ್ಲಿ ಇಬ್ಬರು. ಡಿಪಿಕೆಜಿ ತಾನು ಬಿಚ್ಚುವ ಫೈಲುಗಳನ್ನೆಲ್ಲ ಜೋಪಾನವಾಗಿ ಸಿಂಕ್ ಮಾಡುತ್ತದೆ. ಅದಕ್ಕೆ ಮದ್ದು ಈಟ್‌ಮೈಡೇಟಾ, ಅಂದರೆ 'ನನ್ನ ಡೇಟಾ ತಿನ್ನು'. ಪ್ರೋಗ್ರಾಂ ಎಫ್‌ಸಿಂಕ್ ಕರೆದರೆ ಈ ಲೈಬ್ರರಿ ನಡುವೆ ನಿಂತು, ಏನೂ ಮಾಡದೆ, ಆಯಿತು ಎಂದು ತಲೆಯಾಡಿಸುತ್ತದೆ. ಹೆಸರಿನಲ್ಲೇ ಇಷ್ಟು ಪ್ರಾಮಾಣಿಕವಾದ ಸಾಫ್ಟ್‌ವೇರ್ ಕಡಿಮೆ.

ಇಷ್ಟೆಲ್ಲ ಯಾಕೆ, ಡೇಟಾಬೇಸ್ ಪೂರ್ತಿ ಟಿಎಂಪಿಎಫ್‌ಎಸ್‌ನಲ್ಲಿ (ಫೈಲುಗಳನ್ನು ಡಿಸ್ಕ್ ಬದಲು ಮೆಮೊರಿಯಲ್ಲೇ ಇಡುವ ಜಾಗದಲ್ಲಿ) ಇಡಿ ಎಂದ ಒಬ್ಬ ಮಣಿಪಾಲದ ಹುಡುಗ. ಇಟ್ಟೆವು. ಅರ್ಧ ದಾರಿಯಲ್ಲಿ ಮೆಮೊರಿ ಸಾಲದೆ ಪೋಸ್ಟ್‌ಗ್ರೆಸ್ಸನ್ನೇ ಲಿನಕ್ಸ್ ಕರ್ನಲ್ ಕೊಂದುಹಾಕಿತು. ಟಿಎಂಪಿಎಫ್‌ಎಸ್‌ನ ಫೈಲುಗಳು ಆ ಕಂಟೇನರಿನ ಮೆಮೊರಿ ಲೆಕ್ಕಕ್ಕೇ ಬೀಳುತ್ತವೆ, ಮೇಲಿಂದ ಡೆಬಿಯನ್ 13ರಲ್ಲಿ ಟೆಂಪ್ ಡೈರೆಕ್ಟರಿಯೂ ತಾನಾಗಿ ಟಿಎಂಪಿಎಫ್‌ಎಸ್. ಎರಡೂ ಸೇರಿ ನಾಲ್ಕು ಜಿಬಿ ಮಿತಿಯನ್ನು ನುಂಗಿದವು. ಈಗ ಡೇಟಾಬೇಸಿಗೆ ಒಂದೂವರೆ ಜಿಬಿ ಗಡಿ, ಕಂಟೇನರಿಗೆ ಆರು ಜಿಬಿ. ನಾಲ್ವರು ಒಟ್ಟಿಗೆ ಓಡಿಸಿದರೂ ಐದು ನಿಮಿಷದ ಆಸುಪಾಸು.

ಅಷ್ಟರಲ್ಲಿ ಕುಂದಾಪುರದ ಒಬ್ಬ ಅಕ್ಕ ಜಗಳಕ್ಕೆ ಬಂದರು, ನ್ಯಾಯವಾಗಿಯೇ. ಅವರ ಪ್ರಾಜೆಕ್ಟಿನ ಟೆಸ್ಟೇ ಅದು: ಬರೆಯುತ್ತಿರುವಾಗ ಮೆಷಿನ್ ದಿಢೀರನೆ ಸತ್ತರೆ ಡೇಟಾ ಉಳಿಯುತ್ತದೋ ಇಲ್ಲವೋ. "ನೀವು ಎಫ್‌ಸಿಂಕ್‌ನ ಬಾಯಿಗೇ ಬಟ್ಟೆ ತುರುಕಿದರೆ ನಾನು ಎಂತ ಪರೀಕ್ಷೆ ಮಾಡುದು?" ಹಾಗಾಗಿ ಯೋಜನೆ ಬದಲಾಯಿತು. ಬೂತಾಯಿ ಪೂರ್ತಿ ಬಿಸಾಡುವ ಕೆಲಸಕ್ಕೆ, ಯಾವ ಕಂಟೇನರ್ ಆದರೂ ಹದಿನಾಲ್ಕು ದಿನಕ್ಕೆ ತಾನಾಗಿ ಅಳಿಯುತ್ತದೆ. ಅಂಜಲ್‌ನಲ್ಲಿ ಪ್ರತಿ ಎಫ್‌ಸಿಂಕ್ ಸತ್ಯ.

ಅಂಜಲ್‌ಗೆ ಕೆಪ್ಯಾಸಿಟರ್ ಡಿಸ್ಕ್ ಹುಡುಕಲು ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಕೇಳಿದರೆ ದೀಪ ಮಿನುಗುವ ಗೇಮಿಂಗ್ ಡಿಸ್ಕ್ ತೋರಿಸಿದರು. "ಇದು ಸ್ಪೀಡ್ ಉಂಟು" ಅಂತೆ. ಬೆಂಗಳೂರಿನ ಸೆಕೆಂಡ್‌ಹ್ಯಾಂಡ್ ವ್ಯಾಪಾರಿ ಒಬ್ಬ ಮೊದಲು ನಮ್ಮ ಡೆಸ್ಕ್‌ಟಾಪಿಗೆ ನೇರ ಸಿಕ್ಕಿಸಲಾಗದ ಯು.2 ಡಿಸ್ಕ್ ಕಳಿಸಿದ, ಕೇಬಲ್ ಇಲ್ಲದೆ. ಅಡಾಪ್ಟರ್ ಕೇಳಿದರೆ ಡಿಸ್ಕಿನ ಅರ್ಧ ಬೆಲೆ. ವಾಪಸ್ ಕಳಿಸಿ ಕೊನೆಗೆ ತರಿಸಿದ್ದು ಇಂಟೆಲ್ ಡಿಸಿ ಎಸ್3500, 480 ಜಿಬಿ, 2013ರ ಮಾಡೆಲ್, ಹಳೆಯ ಸಾಟಾ ಜೋಡಣೆಯದ್ದು. ಕಾಗದದ ಮೇಲೆ ಎನ್‌ವಿಎಂಇಯ ಏಳನೇ ಒಂದು ಭಾಗದ ವೇಗ. ಎಫ್‌ಸಿಂಕ್‌ನಲ್ಲಿ ಅದನ್ನು ಎಷ್ಟೋ ಪಟ್ಟು ಹಿಂದೆ ಹಾಕಿತು.

ನಡುವೆ ಇನ್ನೊಂದು ಹುಳ ತಲೆಗೆ ಹೊಕ್ಕಿದೆ. ತುಳು-ತಿಗಳಾರಿ ಲಿಪಿ 2024ರಲ್ಲಿ ಕಂಪ್ಯೂಟರ್ ಅಕ್ಷರಗಳ ಮಾನಕವಾದ ಯುನಿಕೋಡ್ 16.0ಕ್ಕೆ ಸೇರಿತಲ್ಲ, ಅಕ್ಷರಗಳನ್ನು ಜೋಡಿಸುವ ಲೈಬ್ರರಿ ಹಾರ್ಫ್‌ಬಜ್‌ನ ಹಳೆಯ ಆವೃತ್ತಿ ಒಂದು ಕಂಟೇನರಿನಲ್ಲಿ, ಹೊಸದು ಇನ್ನೊಂದರಲ್ಲಿ ಇಟ್ಟು, ಒಂದೇ ಪದವನ್ನು ಎರಡರಲ್ಲೂ ಚಿತ್ರ ಮಾಡಿ ಪಿಕ್ಸೆಲ್ ಹೋಲಿಸಬೇಕು. ಒತ್ತಕ್ಷರ ಎಲ್ಲಿ ಒಡೆಯುತ್ತದೆ ಎಂದು ಕಣ್ಣಿಗೇ ಕಾಣುತ್ತದೆ. ಬೂತಾಯಿ ಇದಕ್ಕೆ ಹೇಳಿ ಮಾಡಿಸಿದ್ದು. ಫಾಂಟ್ ಮಾಡುವವರು ಯಾರಾದರೂ ಜೊತೆಗೆ ಬೇಕು.

ಅಂಜಲ್‌ನಲ್ಲಿ ಇನ್ನೂ ಎರಡು ಜಾಗ ಖಾಲಿ ಉಂಟು. ಬೇಕಾದವರು ಲಾಗಿನ್‌ಗೆ ಬೇಕಾಗುವ ಎಸ್‌ಎಸ್‌ಎಚ್ ಕೀ ಕಳಿಸಿ. ಪಬ್ಲಿಕ್ ಕೀ, ಮಾರಾಯ್ರೆ. ಹೋದ ಸಲ ಒಬ್ಬರು ಗುಟ್ಟಾಗಿಡಬೇಕಾದ ಪ್ರೈವೇಟ್ ಕೀಯನ್ನೇ ಕಳಿಸಿದ್ದರು, ಪಾಸ್‌ಫ್ರೇಸ್ ಸಮೇತ.