ಡಬ್ಲಿನ್‌ನಲ್ಲಿ ಹಗ್ಗ ಬಿಡೋದನ್ನ ಕಲಿತೆ

ಅಕ್ಕ, ಭಾವ ಡಬ್ಲಿನ್‌ನಲ್ಲಿದ್ದಾರೆ. ಹತ್ತು ದಿನಕ್ಕೆ ಅಂತ ಹೋಗಿದ್ದೆ, ಮೊದಲ ಆರು ದಿನ ಬರೀ ಮಳೆ. ಏಳನೇ ದಿನ ಭಾವ, "ಮಳೆ ನಿಲ್ಲಲಿ ಅಂತ ಕಾದ್ರೆ ಇಲ್ಲೇ ಮುದುಕ ಆಗ್ತೀಯ, ಏಳೋ, ಗಂಟೆ ಬಾರಿಸೋಣ" ಅಂತ ಕ್ರೈಸ್ಟ್ ಚರ್ಚ್ ಕೆಥೆಡ್ರಲ್‌ಗೆ ಎಳೆದುಕೊಂಡು ಹೋದರು.

ಸುಮಾರು 1030ರ ಹೊತ್ತಿಗೆ ವೈಕಿಂಗ್ ರಾಜನ ಕಾಲದಲ್ಲಿ ಶುರುವಾದ ಚರ್ಚ್ ಇದು. ಆದರೆ ಈಗ ಕಾಣೋದರಲ್ಲಿ ಜಾಸ್ತಿ ಪಾಲು 1870ರ ದಶಕದ ರಿಪೇರಿಯದ್ದು, ದುಡ್ಡು ಕೊಟ್ಟವನು ಹೆನ್ರಿ ರೋ ಅನ್ನೋ ವಿಸ್ಕಿ ವ್ಯಾಪಾರಿ. ನೆಲಮಾಳಿಗೆಯಲ್ಲಿ ಒಣಗಿ ಚಕ್ಕಳವಾದ ಒಂದು ಬೆಕ್ಕು, ಒಂದು ಇಲಿ ಗಾಜಿನೊಳಗಿವೆ. ಸರಿ, ನೋಡಿದ್ದಾಯ್ತು.

ಮೇಲೆ ಹತ್ತೋಕೆ 86 ಮೆಟ್ಟಿಲು. ಹತ್ತಿ ಹೋದರೆ ಗಂಟೆನೇ ಇಲ್ಲ! ಕೋಣೆಯಲ್ಲಿ ಹಗ್ಗಗಳು ಮಾತ್ರ, ಸೂರಿನ ತೂತುಗಳಿಂದ ಇಳಿಬಿದ್ದಿವೆ, ಪ್ರತಿಯೊಂದಕ್ಕೂ ಹಿಡಿಯೋ ಜಾಗದಲ್ಲಿ ದಪ್ಪ ಉಣ್ಣೆಯ ಸುತ್ತು. ಗಂಟೆಗಳು ಇನ್ನೂ ಮೇಲೆ.

ನಮ್ಮ ದೇವಸ್ಥಾನದ ಗಂಟೆ ನೇತಾಡಿಕೊಂಡಿರುತ್ತೆ, ನಾವು ಅದರ ನಾಲಿಗೆ ಆಡಿಸಿ ಬಡಿಯುತ್ತೇವೆ. ಇಲ್ಲಿ ಗಂಟೆನೇ ಒಂದು ಚಕ್ರಕ್ಕೆ ಕಟ್ಟಿರುತ್ತೆ. ಬಾರಿಸೋ ಮುಂಚೆ ಬಾಯಿ ಆಕಾಶಕ್ಕೆ ಮಾಡಿ ನಿಂತಿರುತ್ತೆ, ಹಗ್ಗ ಎಳೆದರೆ ಪೂರ್ತಿ ಒಂದು ಸುತ್ತು ಹೊಡೆದು ಮತ್ತೆ ಬಾಯಿ ಮೇಲಾಗಿ ನಿಲ್ಲುತ್ತೆ. ಎಲ್ಲಕ್ಕಿಂತ ದೊಡ್ಡದರ ತೂಕ ಎರಡು ಟನ್‌ಗೂ ಜಾಸ್ತಿ. ಅಂಥದ್ದರಲ್ಲಿ ಬೇಗ ಬೇಗ ಹಾಡು ನುಡಿಸೋಕಾಗುತ್ತಾ? ಅದಕ್ಕೇ ಇವರು ಹಾಡಿನ ಗೋಜಿಗೇ ಹೋಗಲ್ಲ. ಮೇಲಿನ ಸ್ವರದಿಂದ ಕೆಳಗಿನದಕ್ಕೆ, ಅಂದರೆ ಸುಮ್ನೆ ಒಂದು ಅವರೋಹಣ, ಶುರು ಮಾಡಿ, ಆಮೇಲೆ ಪ್ರತಿ ಸುತ್ತಿಗೂ ಸರದಿ ಬದಲಾಯಿಸುತ್ತಾ ಹೋಗುತ್ತಾರೆ. ಏಳು ಗಂಟೆಗಳಿದ್ದರೆ ಬೇರೆ ಬೇರೆ 5,040 ಸರದಿ, ಎಲ್ಲ ಬಾರಿಸೋಕೆ ಮೂರು ತಾಸು ಬೇಕು. ಎಂಟಿದ್ದರೆ 40,320. ಅದನ್ನೂ 1963ರಲ್ಲಿ ಇಂಗ್ಲೆಂಡಿನ ಲಫ್‌ಬರೋದಲ್ಲಿ ಎಂಟು ಜನ ಹತ್ತಿರಹತ್ತಿರ 18 ತಾಸು ಬಿಡದೆ ಬಾರಿಸಿ ಮುಗಿಸಿದರಂತೆ. ಊಟ, ಬಾತ್‌ರೂಮು? ಕೇಳಬೇಡಿ.

ಇಲ್ಲಿ ಮುಂಚೆ 12 ಗಂಟೆ ಇದ್ದವು. ಹೊಸ ಸಹಸ್ರಮಾನದ ನೆಪದಲ್ಲಿ 1999ರಲ್ಲಿ ಇನ್ನೂ ಏಳು ಸೇರಿಸಿ 19 ಮಾಡಿದರು. ಹೀಗೆ ಸುತ್ತು ಹೊಡೆಸಿ ಬಾರಿಸೋ ಗಂಟೆಗಳು ಒಂದೇ ಗೋಪುರದಲ್ಲಿ ಇಷ್ಟು ಬೇರೆಲ್ಲೂ ಇಲ್ಲ. ಸದ್ದು ಜಾಸ್ತಿ ಆಗಲಿ ಅಂತ ಸೇರಿಸಿರಬೇಕು ಅಂದುಕೊಂಡಿದ್ದೆ, ಹಾಗಲ್ಲ. ಎಂಟು ಗಂಟೆಗಳು ಅಂದರೆ ಷಡ್ಜದಿಂದ ಮೇಲಿನ ಷಡ್ಜದವರೆಗೆ. 16 ಇದ್ದರೆ ಎರಡು ಸ್ಥಾಯಿ ದಾಟುತ್ತೆ. ಉಳಿದವು ನಡುವಿನ ಅರ್ಧ ಸ್ವರಗಳು. ಅವುಗಳಿಂದ ಷಡ್ಜ ಬೇರೆ ಕಡೆ ಹಿಡಿಯಬಹುದು, ಹಾಡುವವರ ಕಂಠ ನೋಡಿ ಶ್ರುತಿ ಬದಲಾಯಿಸ್ತೀವಲ್ಲ, ಥೇಟ್ ಹಾಗೆ. ಜನ ಕಮ್ಮಿ ಇದ್ದ ದಿನ ಭಾರದ ಗಂಟೆ ಮುಟ್ಟದೆ ಹಗುರದವುಗಳಲ್ಲೇ ಸ್ವರ ಕೂಡಿಸಿಕೊಳ್ಳಬಹುದು.

ನನ್ನ ಸರದಿ ಬಂತು. ಅಜ್ಜಿ ಮನೆ ಬಾವಿಯಲ್ಲಿ ನೀರು ಸೇದಿದ ಕೈ ಇದು, ಹಗ್ಗ ಬಿಟ್ಟರೆ ಕೊಡ ಹೋಯ್ತು ಅಂತಲೇ ಅದಕ್ಕೆ ಗೊತ್ತು. ಇಲ್ಲಿ ಉಲ್ಟಾ. ಉಣ್ಣೆ ಹಿಡಿದು ಎಳೆದ ತಕ್ಷಣ ಬಿಡಬೇಕು, ಹಗ್ಗದ ತುದಿ ಮಾತ್ರ ಇನ್ನೊಂದು ಕೈಯಲ್ಲಿರಬೇಕು. ಕಲಿಸೋ ಹೆಂಗಸು ಮೂರು ಸಲ ಹೇಳಿದ್ದರು. ನಾನು ಎಳೆದೆ, ಬಿಡಲಿಲ್ಲ. ಹಗ್ಗ ಸರ್ರನೆ ಮೇಲಕ್ಕೆ ಹೋಯ್ತು, ಜೊತೆಗೆ ನನ್ನ ಹಿಮ್ಮಡಿಯೂ. ಅವರು ಬಂದು ನನ್ನ ಕೈ ಕೆಳಗೆ ಹಗ್ಗ ಹಿಡಿದುಕೊಂಡರು. ಭಾವ ಗೋಡೆ ಕಡೆ ತಿರುಗಿ ನಗುತ್ತಿದ್ದರು.

ಎರಡನೇ ಸಲ ಬಿಟ್ಟೆ. ಹಗ್ಗ ಹಾವಿನಂತೆ ಹರಿದು ಮೇಲೆ ಹೋಗಿ, ತುದಿಯಲ್ಲಿ ಒಂದು ಗಳಿಗೆ ನಿಂತುಬಿಟ್ಟಿತು. ಕೈಯಲ್ಲಿ ಒಂಚೂರೂ ಭಾರ ಇಲ್ಲ. ಆಮೇಲೆ ತಲೆ ಮೇಲೆಲ್ಲೋ ಢಣ್ ಅಂತು.