ಕೊಡಗಿನ ಕೆರೆಗಳ ಏರಿಯ ಮೇಲೆ ಅತಿಥಿಗಳು ಕೇಳುವ ಪ್ರಶ್ನೆಗಳು

ಸುಂಟಿಕೊಪ್ಪದ ಆಸುಪಾಸಿನಲ್ಲಿರುವ ನಮ್ಮ ತೋಟದ ಕೆಳಗೆ, ಕಾಫಿ ಮುಗಿದು ಗದ್ದೆ ಆರಂಭವಾಗುವ ಜಾಗದಲ್ಲಿ ಒಂದು ಕೆರೆಯಿದೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಬರುವ ನೆಂಟರೂ ಅವರ ಜೊತೆ ಬರುವ ಸ್ನೇಹಿತರೂ ಬೆಳಗಿನ ಕಾಫಿ ಲೋಟ ಹಿಡಿದುಕೊಂಡೇ ಅದರ ಏರಿಯ ಮೇಲೆ ಬಂದು ನಿಲ್ಲುತ್ತಾರೆ, ಮತ್ತು ಹೆಚ್ಚುಕಡಿಮೆ ಒಂದೇ ಬಗೆಯ ಪ್ರಶ್ನೆಗಳನ್ನು ಕೇಳುತ್ತಾರೆ. ನಿಂತಲ್ಲೇ ಕೊಡುವ ಉತ್ತರ ಎಷ್ಟಾದರೂ ಅರೆಬರೆಯಾದದ್ದು. ಆದ್ದರಿಂದ ಅವನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಯಾವ ಪ್ರಶ್ನೆ ಹಿಡಿದು ಹೊರಟರೂ ಅರ್ಧ ಉತ್ತರ ಕೆರೆಯ ಮೇಲಿನ ಗುಡ್ಡದಲ್ಲೇ ಇರುತ್ತದೆ ಎಂಬುದು ನನ್ನ ಅನುಭವ.

ಇದು ತಾನಾಗಿಯೇ ಆದ ಕೆರೆಯೇ ಎಂಬುದು ಮೊದಲ ಪ್ರಶ್ನೆ. ಅಲ್ಲ. ಕೊಡಗಿನಲ್ಲಿ ಕಣ್ಣಿಗೆ ಬೀಳುವ ಕೆರೆಗಳೆಲ್ಲ ಬಹುಮಟ್ಟಿಗೆ ಮನುಷ್ಯರು ತೋಡಿದವು, ಇಲ್ಲವೇ ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ ನಿಲ್ಲಿಸಿದವು. ಇದನ್ನು ಕೇಳಿದವರ ಮುಖ ಸ್ವಲ್ಪ ಬಾಡುತ್ತದೆ. ಬೆನ್ನಲ್ಲೇ ಎರಡನೆಯ ಪ್ರಶ್ನೆ ಬರುತ್ತದೆ. ವರ್ಷಕ್ಕೆ ಮಡಿಕೇರಿಯಲ್ಲಿ 3000 ಮಿಲಿಮೀಟರ್ ಮೀರಿ, ಭಾಗಮಂಡಲದ ಕಡೆ ಅದಕ್ಕಿಂತಲೂ ಬಹಳ ಹೆಚ್ಚು ಮಳೆ ಸುರಿಯುವ ಜಿಲ್ಲೆಯಲ್ಲಿ ಒಂದು ದೊಡ್ಡ ಸರೋವರ ಏಕಿಲ್ಲ? ಪ್ರಶ್ನೆ ನ್ಯಾಯವಾದದ್ದೇ, ಆದರೆ ಸರೋವರವಾಗಲು ಮಳೆಯೊಂದೇ ಸಾಲದು. ನೀರು ಹೊರಗೆ ಹರಿದುಹೋಗಲಾಗದಂಥ ತಗ್ಗು ಬೇಕು. ಅಂಥ ತಗ್ಗನ್ನು ಹಿಮಾಲಯದಲ್ಲಿ ಹಿಮನದಿಗಳು ಕೊರೆದಿವೆ, ಮಹಾರಾಷ್ಟ್ರದ ಲೋಣಾರಿನಲ್ಲಿ ಉಲ್ಕೆ ಅಪ್ಪಳಿಸಿ ಮಾಡಿದೆ, ಬೇರೆಡೆ ಭೂಮಿ ಕುಸಿದೋ ಜ್ವಾಲಾಮುಖಿಯ ಬಾಯಿ ತಣಿದೋ ಆಗಿದೆ. ನಮ್ಮ ಬೆಟ್ಟಗಳಿಗೆ ಇವಾವುದರ ಭಾಗ್ಯವೂ ಇಲ್ಲ. ಇಲ್ಲಿನ ತಳದ ಬಂಡೆ ಸುಮಾರು 300 ಕೋಟಿ ವರ್ಷಗಳಿಗೂ ಹಳೆಯದು, ಹಿಮನದಿಯೊಂದು ಈ ಕಣಿವೆಗಳಲ್ಲಿ ಹರಿದ ಕುರುಹಿಲ್ಲ. ತೊರೆಗಳಿಗೆ ಬಂಡೆಯನ್ನು ಕೊರೆದು ದಾರಿ ಮಾಡಿಕೊಳ್ಳಲು ಬೇಕಾದಷ್ಟು ಕಾಲ ಸಿಕ್ಕಿರುವುದರಿಂದ, ಎಲ್ಲಾದರೂ ಒಂದು ತಗ್ಗು ಇದ್ದಿದ್ದರೂ ಅದರ ಅಂಚು ಎಂದೋ ಸೀಳಿಹೋಗಿರುತ್ತದೆ. ಹಾಗಾಗಿ ಬಿದ್ದ ನೀರು ನಿಲ್ಲುವುದಿಲ್ಲ. ಬೆಟ್ಟಸಾಲಿನ ಏಣಿನ ಪೂರ್ವಕ್ಕೆ ಬಿದ್ದದ್ದು ಕಾವೇರಿಯನ್ನೋ ಹಾರಂಗಿಯನ್ನೋ ಲಕ್ಷ್ಮಣತೀರ್ಥವನ್ನೋ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ಪಯಸ್ವಿನಿ, ಕುಮಾರಧಾರೆಗಳ ಮೂಲಕ ಅರಬ್ಬಿ ಸಮುದ್ರಕ್ಕೆ ಧುಮುಕುತ್ತದೆ. ನೈಸರ್ಗಿಕ ಸರೋವರವನ್ನೇ ನೋಡಬೇಕೆಂಬ ಹಟವಿದ್ದವರನ್ನು ನಾನು ಗಡಿಯಾಚೆಯ ವಯನಾಡಿಗೆ ಕಳುಹಿಸುತ್ತೇನೆ. ಅಲ್ಲಿ ವೈತ್ತಿರಿಯ ಬಳಿ ಪೂಕೋಡು ಎಂಬ ಸಿಹಿನೀರಿನ ಸರೋವರವಿದೆ, ಮತ್ತು ಅದರ ಹೆಸರನ್ನೇ ಹೊತ್ತ ಒಂದು ಪುಟ್ಟ ಮೀನಿನ ಜಾತಿಯೂ ಅಲ್ಲಿದೆ.

ಹಾಗಾದರೆ ಹೊನ್ನಮ್ಮನ ಕೆರೆ? ಸೋಮವಾರಪೇಟೆಯ ಬಳಿಯ ದೊಡ್ಡಮಳ್ತೆಯಲ್ಲಿರುವ ಈ ಕೆರೆಯನ್ನು ನೋಡಿ ಬಂದವರು ಇದನ್ನು ಕೇಳದೆ ಬಿಡುವುದಿಲ್ಲ, ಏಕೆಂದರೆ ಬೆಟ್ಟದ ಬುಡದಲ್ಲಿ ಹರಡಿಕೊಂಡಿರುವ ಆ ನೀರನ್ನು ಕಂಡರೆ ಅದು ಭೂಮಿ ಹುಟ್ಟಿದಂದಿನಿಂದ ಇದ್ದಂತೆ ತೋರುತ್ತದೆ. ಆದರೆ ಉತ್ತರ ಅಲ್ಲಿನ ಐತಿಹ್ಯದಲ್ಲೇ ಇದೆ: ಊರಿನ ಹಿತಕ್ಕಾಗಿ ಕೆರೆ ತೋಡಿಸಿದರು, ನೀರು ಬರಲಿಲ್ಲ, ಹೊನ್ನಮ್ಮ ತನ್ನನ್ನೇ ಅರ್ಪಿಸಿಕೊಂಡ ಮೇಲೆ ನೀರು ತುಂಬಿತು ಎನ್ನುತ್ತಾರೆ. ಗೌರಿ ಹಬ್ಬದಲ್ಲಿ ಇಂದಿಗೂ ಅವಳಿಗೆ ಬಾಗಿನ ಅರ್ಪಿಸುತ್ತಾರೆ. ಕಥೆಯನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಕೆರೆ ತೋಡಿದ್ದು, ನೀರು ಮಾತ್ರ ಬೇರೆಲ್ಲಿಂದಲೋ ಬರಬೇಕಾಯಿತು ಎಂಬ ತಿಳಿವಳಿಕೆ ಅದರಲ್ಲಿ ಸ್ಪಷ್ಟವಾಗಿದೆ. ಮಡಿಕೇರಿಯ ಓಂಕಾರೇಶ್ವರ ದೇವಾಲಯದ ಮುಂದಿನ, ನಡುವೆ ಮಂಟಪವಿರುವ ಕೊಳದ ವಿಷಯದಲ್ಲಂತೂ ಗೊಂದಲಕ್ಕೆ ಎಡೆಯೇ ಇಲ್ಲ. ದೇವಾಲಯ 1820ರಲ್ಲಿ ಲಿಂಗರಾಜೇಂದ್ರನ ಕಾಲದಲ್ಲಿ ಕಟ್ಟಿದ್ದು. ಹಾರಂಗಿಯನ್ನು ಸರೋವರ ಎಂದು ಕರೆಯುವವರಿಗೆ ಅದು 1982ರಲ್ಲಿ ಪೂರ್ಣಗೊಂಡ ಅಣೆಕಟ್ಟಿನ ಹಿನ್ನೀರು ಎಂದು ಹೇಳುತ್ತೇನೆ. ಮಳೆಗಾಲದಲ್ಲಿ ಪತ್ರಿಕೆಗಳಲ್ಲಿ ದಿನವೂ ಅಚ್ಚಾಗುವ 2859 ಅಡಿ ಎಂಬ ಅಂಕಿ ಅದರ ಆಳವಲ್ಲ, ಸಮುದ್ರಮಟ್ಟದಿಂದ ಎಣಿಸಿದ ಗರಿಷ್ಠ ನೀರಿನ ಮಟ್ಟ. ಚಿಕ್ಲಿಹೊಳೆಯೂ ಜಲಾಶಯವೇ, ಅರ್ಧವೃತ್ತಾಕಾರದ ಕೋಡಿಯ ಮೇಲಿಂದ ನೀರು ಒಳಗೆ ಇಳಿಯುವುದನ್ನು ನೋಡಲು ಜನ ಹೋಗುತ್ತಾರೆ, ಅಂಚಿಗೆ ಹೋಗದೆ ನೋಡುವುದಾದರೆ ಹೋಗಬೇಕಾದ ಜಾಗವೇ.

ಇನ್ನು ನನಗೆ ಬಹಳ ಇಷ್ಟವಾದ ಪ್ರಶ್ನೆ. ಸಾಮಾನ್ಯವಾಗಿ ಮಕ್ಕಳು ಕೇಳುವಂಥದ್ದು. ಈ ಕೆರೆಗೆ ಹೊಳೆಯೊಂದೂ ಬಂದು ಸೇರುವುದಿಲ್ಲ, ಮಳೆ ನಿಂತು ತಿಂಗಳುಗಳಾಗಿವೆ, ಹಾಗಿದ್ದರೂ ನೀರು ಎಲ್ಲಿಂದ ಬರುತ್ತಿದೆ? ಅವರನ್ನು ಕೆರೆಯ ಮೇಲ್ಬದಿಯ ಬರೆಗೆ, ಅಂದರೆ ಕಡಿದಾದ ಮಣ್ಣಿನ ಗೋಡೆಯ ಬಳಿಗೆ, ಕರೆದುಕೊಂಡು ಹೋಗುತ್ತೇನೆ. ಅಲ್ಲಿ ಜಂಬಿಟ್ಟಿಗೆ ಮಣ್ಣಿಗೂ ಅದರ ಕೆಳಗಿನ ಬಿಳಿಚಿದ ಜೇಡಿಗೂ ನಡುವಿನ ಗೆರೆಯುದ್ದಕ್ಕೂ ಜನವರಿಯಲ್ಲೂ ಬೆರಳು ಒದ್ದೆಯಾಗುವಷ್ಟು ನೀರು ಜಿನುಗುತ್ತಿರುತ್ತದೆ. ಒಂದೆರಡು ಕಡೆ ಅದು ಒರತೆಯಾಗಿ, ಜರಿಗಿಡಗಳ ಬೇರಿನ ನಡುವಿನಿಂದ ದಾರದಂತೆ ಇಳಿಯುತ್ತದೆ. ಮಳೆಗಾಲದ ನೀರನ್ನು ಮೇಲಿನ ಮಣ್ಣು ಕುಡಿದು, ಸಂದುಗೊಂದುಗಳಿರುವ ಜಂಬಿಟ್ಟಿಗೆಯ ಮೂಲಕ ಇಳಿಸಿ, ನೀರು ಬಿಡದ ಜೇಡಿಯೋ ಬಂಡೆಯೋ ಅಡ್ಡ ಬಂದಲ್ಲಿ ಪಕ್ಕಕ್ಕೆ ತಿರುಗಿಸಿ ಕಣಿವೆಯ ತಳಕ್ಕೆ ತರುತ್ತದೆ. ಈ ಪಯಣಕ್ಕೆ ವಾರಗಳೂ ತಿಂಗಳುಗಳೂ ಹಿಡಿಯುವುದರಿಂದ, ಜುಲೈಯಲ್ಲಿ ಬಿದ್ದ ಮಳೆಯ ಒಂದಂಶ ಬೇಸಿಗೆಯ ಹೊತ್ತಿಗೆ ಕೆರೆಗೆ ಬರುತ್ತದೆ. ಕೊಡಗಿನ ನಿಜವಾದ ಸರೋವರ ಈ ಗುಡ್ಡದೊಳಗಿದೆ.

ಹಿರಿಯರಿಗೆ ಈ ಲೆಕ್ಕ ಗೊತ್ತಿತ್ತು ಎನ್ನುವುದಕ್ಕೆ ಇಲ್ಲಿನ ಭೂಹಿಡುವಳಿಯ ಪದ್ಧತಿಯೇ ಸಾಕ್ಷಿ. ಗದ್ದೆಯ ಜೊತೆಗೆ ಅದರ ಮೇಲಿನ ಬಾಣೆಯನ್ನೂ, ಅಂದರೆ ಮರಗಿಡಗಳಿರುವ ಗುಡ್ಡದ ಜಾಗವನ್ನೂ, ಸೇರಿಸಿ ಕೊಡುತ್ತಿದ್ದರು. ಗೊಬ್ಬರದ ಸೊಪ್ಪು, ಸೌದೆ, ದನದ ಮೇವು ಅಲ್ಲಿಂದ ಬರಬೇಕೆಂಬುದು ಉದ್ದೇಶ. ಮರಗಳಿದ್ದ ಬಾಣೆ ಕೆಳಗಿನ ಗದ್ದೆಗೆ ನೀರನ್ನೂ ಕೊಡುತ್ತಿತ್ತು. ಮಳೆಗಾಲದಲ್ಲಿ ಬದು ಕಟ್ಟಿದ ಗದ್ದೆಯೂ ತಿಂಗಳುಗಟ್ಟಲೆ ನೀರು ನಿಲ್ಲಿಸಿಕೊಂಡು ತಾನೇ ಒಂದು ತೆಳ್ಳನೆಯ ಕೆರೆಯಾಗಿ, ಪಕ್ಕದ ಬಾವಿಗಳನ್ನು ತುಂಬಿಸುತ್ತಿತ್ತು. ಈಗ ಎಷ್ಟೋ ಗದ್ದೆಗಳು ಪಾಳು ಬಿದ್ದಿವೆ, ಕೆಲವು ಶುಂಠಿಗೆ ಹೋಗಿವೆ, ಕೆಲವು ಬಡಾವಣೆಗೆ. ನಾಟಿಗೆ ಆಳು ಸಿಗದ, ಹಾಕಿದ ದುಡ್ಡು ಕೈಗೆ ಬಾರದ ಬೆಳೆಯನ್ನು ಬಿಟ್ಟವರನ್ನು ನಾನು ದೂಷಿಸಲಾರೆ. ಆದರೆ ಗದ್ದೆ ಬಿಟ್ಟ ಮೇಲೂ ಬಾವಿ ಮೊದಲಿನಂತೆಯೇ ಇರಬೇಕೆಂದು ಬಯಸುವುದು ಆಗದ ಮಾತು.

ಇಲ್ಲಿ ಬೆಂಗಳೂರಿನವರು ಒಂದು ಸಲಹೆ ಕೊಡುತ್ತಾರೆ: ಗುಡ್ಡದ ತುಂಬ ಇಂಗುಗುಂಡಿ ತೋಡಿಬಿಡಿ. ಬಯಲುಸೀಮೆಗೆ ಒಳ್ಳೆಯ ಸಲಹೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಮರಮನೆಗಳ ಸಮೇತ ಜಾರಿದ್ದನ್ನು ಕಂಡ ನಮಗೆ ಅದನ್ನು ಹಾಗೇ ಒಪ್ಪಿಕೊಳ್ಳುವುದು ಕಷ್ಟ. ಮಣ್ಣಿನ ಕಣಗಳ ನಡುವೆ ನೀರು ತುಂಬಿದಷ್ಟೂ ಅದರ ಭಾರ ಹೆಚ್ಚುತ್ತದೆ, ಕಣಗಳು ಒಂದನ್ನೊಂದು ಹಿಡಿದುಕೊಳ್ಳುವ ಬಲ ಕುಗ್ಗುತ್ತದೆ. ಕಡಿದಾದ ಇಳಿಜಾರಿನಲ್ಲಿ, ಅದರಲ್ಲೂ ರಸ್ತೆಗೋ ಕಟ್ಟಡಕ್ಕೋ ಬುಡ ಕಡಿದ ಇಳಿಜಾರಿನಲ್ಲಿ, ನೀರನ್ನು ಒತ್ತಾಯದಿಂದ ಇಂಗಿಸುವುದು ಅಪಾಯ. ಅಲ್ಲಿ ಬೇಕಾದದ್ದು ಮರದ ಬೇರು, ತರಗೆಲೆಯ ಹೊದಿಕೆ, ಮತ್ತು ಹೆಚ್ಚುವರಿ ನೀರು ಸಲೀಸಾಗಿ ಇಳಿಯಲು ಚರಂಡಿ. ಕೆರೆಯೂ ಕಣಿವೆಯ ತಳದಲ್ಲಿದ್ದರೇ ಚೆಂದ. ನೋಟ ಚೆನ್ನಾಗಿರುತ್ತದೆಂದು ಗುಡ್ಡದ ನೆತ್ತಿಯಲ್ಲಿ ಕೆರೆ ತೋಡಿಸುವ ಈಚಿನ ಉಮೇದು ನನಗೆ ಹಿಡಿಸುವುದಿಲ್ಲ.

ಮಾರ್ಚ್ ತಿಂಗಳಲ್ಲಿ ಬಂದವರು ಅರ್ಧಕ್ಕಿಳಿದ ಕೆರೆಯನ್ನು ನೋಡಿ ಬರಗಾಲವೇ ಎಂದು ಕೇಳುತ್ತಾರೆ. ಬರವಲ್ಲ, ಕಾಫಿ. ರೊಬಸ್ಟಾ ಗಿಡದ ಮೊಗ್ಗು ಅರಳಲು ಫೆಬ್ರವರಿ–ಮಾರ್ಚಿನಲ್ಲಿ ಒಂದು ಹದವಾದ ಮಳೆ ಬೇಕು. ಹೂಮಳೆ ಕೈಕೊಟ್ಟರೆ ಸ್ಪ್ರಿಂಕ್ಲರ್ ಹಾಕಬೇಕು, ಹೂ ಕಚ್ಚಿದ ಮೇಲೆ ಇನ್ನೊಮ್ಮೆ ಹಾಕಬೇಕು. ಕೊಡಗಿನಲ್ಲಿ ಮಳೆಯನ್ನು ಇಂದಿಗೂ ಇಂಚಿನಲ್ಲೇ ಅಳೆಯುತ್ತೇವೆ, ಹಾಗಾಗಿ ಲೆಕ್ಕವನ್ನೂ ಇಂಚಿನಲ್ಲೇ ಹೇಳುತ್ತೇನೆ: ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು. ಹತ್ತು ಎಕರೆ ತೋಟಕ್ಕೆ ಒಂದೇ ಸುತ್ತು ಹಾಕಿದರೂ ಹತ್ತು ಲಕ್ಷ ಲೀಟರು ಕೆರೆಯಿಂದ ಎದ್ದುಹೋಗುತ್ತದೆ. ಹೂವಿನ ಘಮಕ್ಕೆ ಮರುಳಾಗಿ ಬಂದವರು ಕೆರೆಯ ಖಾಲಿತನಕ್ಕೆ ಮರುಗುವುದನ್ನು ನೋಡಿದರೆ ನನಗೆ ನಗು ಬರುತ್ತದೆ.

ನೀರಿನ ಬಣ್ಣದ ಬಗ್ಗೆ ಕೇಳದವರಿಲ್ಲ. ಮೊದಲ ಮಳೆಗಳಲ್ಲಿ ಕೆಂಪು ಮಣ್ಣು ಕದಡಿ ಬರುವುದರಿಂದ ಕೆರೆ ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ, ನವೆಂಬರಿನ ಹೊತ್ತಿಗೆ ತಿಳಿಯಾಗುತ್ತದೆ, ಏಪ್ರಿಲಿನಲ್ಲಿ ನೀರು ಕಡಿಮೆಯಾಗಿ ಬೆಚ್ಚಗಾದಾಗ ಪಾಚಿ ಬೆಳೆದು ಹಸಿರಾಗುತ್ತದೆ. ತೋಟದಿಂದ ಜಾರಿ ಬಂದ ಗೊಬ್ಬರ ಆ ಪಾಚಿಗೂ ಊಟವಾಗುತ್ತದೆ ಎಂಬುದನ್ನು ನಾವು ಬೆಳೆಗಾರರು ಒಪ್ಪಿಕೊಳ್ಳಬೇಕು. ಆದರೆ ಜನ ಗಾಬರಿಯಾಗುವುದು ಇನ್ನೊಂದನ್ನು ಕಂಡು. ಒರತೆ ಜಿನುಗುವಲ್ಲಿ, ನಿಂತ ನೀರಿನ ಮೇಲೆ ಡೀಸೆಲ್ ಚೆಲ್ಲಿದಂತೆ ಬಣ್ಣಬಣ್ಣದ ಪೊರೆ ಕಟ್ಟಿರುತ್ತದೆ, ಅದರ ಅಡಿಯಲ್ಲಿ ತುಕ್ಕಿನ ಬಣ್ಣದ ಲೋಳೆ. ಪಂಪಿನ ಎಣ್ಣೆ ಸೋರಿದೆ ಎಂದು ನನಗೆ ಬುದ್ಧಿ ಹೇಳಿದವರೂ ಇದ್ದಾರೆ. ಒಂದು ಕಡ್ಡಿ ತೆಗೆದುಕೊಂಡು ಆ ಪೊರೆಯನ್ನು ಮುಟ್ಟಿ ನೋಡಬೇಕು: ಎಣ್ಣೆಯಾಗಿದ್ದರೆ ಕಡ್ಡಿ ಎಳೆದ ಗೆರೆ ಕೂಡಲೇ ಮುಚ್ಚಿಕೊಂಡು ಬಣ್ಣಗಳು ಸುಳಿಯುತ್ತವೆ, ಇದು ಹಾಗಲ್ಲ, ಚೂರುಚೂರಾಗಿ ಒಡೆದು ಆ ಚೂರುಗಳು ಬೇರೆಬೇರೆಯಾಗಿಯೇ ತೇಲುತ್ತವೆ. ಕಬ್ಬಿಣ ತುಂಬಿದ ನಮ್ಮ ಮಣ್ಣಿನೊಳಗೆ, ಗಾಳಿಯಿಲ್ಲದ ಕಡೆ ಕರಗಿಕೊಂಡು ಬಂದ ಕಬ್ಬಿಣವು ಹೊರಗೆ ಗಾಳಿ ಸೋಕಿದೊಡನೆ ತುಕ್ಕಾಗುತ್ತದೆ. ಅದನ್ನೇ ಉಣ್ಣುವ ಬ್ಯಾಕ್ಟೀರಿಯಗಳು ಈ ಪೊರೆಯನ್ನೂ ಲೋಳೆಯನ್ನೂ ಮಾಡುತ್ತವೆ. ಮಾಲಿನ್ಯವೆಂದು ಹೆದರಬೇಕಾಗಿಲ್ಲ. ಮಳೆಗಾಲದಲ್ಲಿ ಕೋಡಿಯ ಕೆಳಗೆ ಕಾಣುವ ನೊರೆಯೂ ಹೆಚ್ಚಾಗಿ ಕೊಳೆತ ಎಲೆಗಳ ಸಾರದಿಂದ ಆದದ್ದೇ.

ಡಿಸೆಂಬರಿನ ಬೆಳಗ್ಗೆ ಕೆರೆಯಿಂದ ಹೊಗೆ ಏಳುವುದೇಕೆ? ನೀರು ಹಗಲಿನ ಬಿಸಿಯನ್ನು ಬೇಗ ಬಿಟ್ಟುಕೊಡುವುದಿಲ್ಲ, ಗಾಳಿ ಬೇಗ ತಣಿಯುತ್ತದೆ. ತಣಿದ ಗಾಳಿ ಭಾರವಾಗಿ ಇಳಿಜಾರಿನಗುಂಟ ಜಾರಿ ಬಂದು ಕಣಿವೆಯ ತಳದಲ್ಲಿ, ಅಂದರೆ ಕೆರೆಯ ಮೇಲೆಯೇ, ತಂಗುತ್ತದೆ. ಬೆಚ್ಚಗಿನ ನೀರಿನಿಂದ ಎದ್ದ ಆವಿ ಆ ತಣ್ಣನೆಯ ಗಾಳಿಯಲ್ಲಿ ಹನಿಗಟ್ಟಿ ಕಾಣುತ್ತದೆ. ಅದೇ ಹೊತ್ತಿನಲ್ಲಿ ಕಾಟ್ಲಾ, ರೋಹು ಮೀನುಗಳು ಮೇಲೆ ಬಂದು ಬಾಯಿ ಆಡಿಸುವುದನ್ನು ತೋರಿಸಿ, ಹಸಿವಾಗಿದೆಯೇ ಎಂದು ಕೇಳುತ್ತಾರೆ. ಹಲವು ಸಲ ಅದು ಹಸಿವಲ್ಲ, ಉಸಿರಾಟದ ಕಷ್ಟ. ರಾತ್ರಿಯಿಡೀ ಪಾಚಿಯೂ ಆಮ್ಲಜನಕವನ್ನು ಮಾಡದೆ ಬಳಸಿಕೊಳ್ಳುವುದರಿಂದ ನಸುಕಿನಲ್ಲಿ ಅದು ತೀರಾ ಕಡಿಮೆಯಿರುತ್ತದೆ. ಬೇಸಿಗೆಯಲ್ಲಿ ಒಮ್ಮೆಲೇ ಜೋರು ಮಳೆ ಬಂದಾಗ ಮೀನು ಸತ್ತು ತೇಲುವುದೂ ಇದೇ ಕಾರಣದ ಇನ್ನೊಂದು ರೂಪ: ಮೇಲಿನ ನೀರು ತಣಿದು ಕೆಳಗಿಳಿದು, ತಳದಲ್ಲಿದ್ದ ಆಮ್ಲಜನಕವಿಲ್ಲದ ನೀರನ್ನು ಮೇಲಕ್ಕೆ ಕದಡುತ್ತದೆ. ವಿಷ ಹಾಕಿದ್ದಾರೆ ಎಂದು ನೆರೆಮನೆಯವರ ಮೇಲೆ ಜಗಳಕ್ಕೆ ಹೋಗುವ ಮುನ್ನ ಹಿಂದಿನ ದಿನದ ಹವೆಯನ್ನು ನೆನಪಿಸಿಕೊಳ್ಳುವುದು ಒಳ್ಳೆಯದು.

ಎಷ್ಟು ಆಳವಿದೆ, ಈಜಬಹುದೇ ಎಂಬ ಪ್ರಶ್ನೆಗೆ ಮಾತ್ರ ನನ್ನ ಉತ್ತರ ಒರಟಾಗಿರುತ್ತದೆ. ಈಜಬಾರದು. ಜೆಸಿಬಿಯಲ್ಲಿ ತೋಡಿದ ಕೆರೆಗೆ ಹೊಳೆಯಂತೆ ಇಳುಕಲು ದಡವಿರುವುದಿಲ್ಲ. ಎರಡನೆಯ ಹೆಜ್ಜೆಗೆ ಸೊಂಟದವರೆಗೆ ಇದ್ದ ನೀರು ಮೂರನೆಯ ಹೆಜ್ಜೆಗೆ ತಲೆಯ ಮೇಲೆ ಹೋಗುತ್ತದೆ. ತಳದ ಹೂಳಿನಲ್ಲಿ ಕಾಲು ಹೂತುಕೊಳ್ಳುತ್ತದೆ, ಮೇಲೆ ಬೆಚ್ಚಗಿದ್ದರೂ ಆಳಕ್ಕೆ ಹೋದಂತೆ ನೀರು ತಣ್ಣಗಾಗುತ್ತದೆ, ಪ್ಲಾಸ್ಟಿಕ್ ಹಾಳೆ ಹಾಸಿದ ಕೆರೆಯಲ್ಲಂತೂ ಪಾಚಿಗಟ್ಟಿದ ಆ ಜಾರಿನ ಮೇಲೆ ಈಜು ಬಲ್ಲವನೂ ಹತ್ತಿ ಬರಲಾರ. ಅಂಥ ಕೆರೆಗೆ ಕಾಡಾನೆ ಬಿದ್ದರೆ ಒಂದು ಬದಿಯ ದಡವನ್ನೇ ಕಡಿದು ದಾರಿ ಮಾಡಿಕೊಡಬೇಕಾಗುತ್ತದೆ. ಹಿನ್ನೀರು, ಹೊಳೆಗಳೂ ಅಷ್ಟೇ; ಮೇಲೆ ಮಳೆಯಾದರೆ, ಗೇಟು ತೆರೆದರೆ, ಇಲ್ಲಿ ಬಿಸಿಲಿರುವಾಗಲೇ ನೀರು ಏರುತ್ತದೆ.

ಮೊಸಳೆ ನಮ್ಮ ತೋಟದ ಕೆರೆಯಲ್ಲಿಲ್ಲ, ಕಾವೇರಿಯಲ್ಲಿದೆ. ತರಗೆಲೆಯ ಮೇಲಿಂದ ಕಾಲಿಗೆ ಹತ್ತುವ ಇಂಬಳ, ಅಂದರೆ ನೆಲದ ಜಿಗಣೆ, ಮಳೆಗಾಲದಲ್ಲಿ ಧಾರಾಳವಾಗಿದೆ, ಅದು ನೀರಿನದಲ್ಲ. ಹಕ್ಕಿಗಳಲ್ಲಿ ನೀರುಕಾಗೆ, ಮಿಂಚುಳ್ಳಿ, ಹುಂಡುಕೋಳಿ ವರ್ಷವಿಡೀ ಕಾಣುತ್ತವೆ. ಗುಳುಮುಳುಕ ಒಮ್ಮೆ ಮುಳುಗಿದರೆ ಎಲ್ಲಿ ಏಳುತ್ತದೆಂದು ಪಂದ್ಯ ಕಟ್ಟುವುದು ಮಕ್ಕಳಿಗೆ ಒಳ್ಳೆಯ ಆಟ. ದಡದ ಜೊಂಡನ್ನು ಚೊಕ್ಕಟ ಮಾಡಿಸಿ ಹುಲ್ಲುಹಾಸು ಬೆಳೆಸಿ ಎಂದು ಸಲಹೆ ಕೊಡುವವರಿಗೆ, ಈ ಹಕ್ಕಿಗಳಲ್ಲಿ ಕೆಲವು ಗೂಡು ಕಟ್ಟುವುದು ಆ ಜೊಂಡಿನಲ್ಲೇ ಎಂದು ತಿಳಿಸುತ್ತೇನೆ.

ಕೊನೆಗೆ ಆನೆ. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಹಿಂಡುಗಟ್ಟಲೆ ಆನೆಗಳನ್ನು ನೋಡಿದವರು ಇಲ್ಲಿಯೂ ಹಾಗೆ ಬರುತ್ತವೆಯೇ ಎಂದು ಆಸೆಯಿಂದ ಕೇಳುತ್ತಾರೆ. ಅಲ್ಲಿ ನೀರು ಹಿಂದೆ ಸರಿದ ಬಯಲಿನಲ್ಲಿ ಹಸಿ ಹುಲ್ಲು ಚಿಗುರುವುದರಿಂದ ಹಿಂಡುಗಳು ಹಗಲಲ್ಲೇ ಸೇರುತ್ತವೆ. ಇಲ್ಲಿಗೆ ಅವು ಕತ್ತಲಾದ ಮೇಲೆ, ಸದ್ದಿಲ್ಲದೆ, ಹಲಸಿನ ಕಾಲದಲ್ಲಿ ಹೆಚ್ಚಾಗಿ ಬರುತ್ತವೆ. ಆದ್ದರಿಂದ ಸಂಜೆ ಆರರ ನಂತರ ಕೆರೆಗೆ ಯಾರನ್ನೂ ಕಳುಹಿಸುವುದಿಲ್ಲ, ಬೆಳಗ್ಗೆಯೂ ಕೆಲಸದವರು ಒಂದು ಸುತ್ತು ಹೋಗಿ ಬಂದ ಮೇಲೆಯೇ ಅತಿಥಿಗಳು ಇಳಿಯಬಹುದು. ಏರಿಯ ಮೇಲಿನ ಲದ್ದಿ ಇನ್ನೂ ಬೆಚ್ಚಗಿದ್ದರೆ, ಅವತ್ತಿನ ಕಾಫಿಯನ್ನು ಮನೆಯ ಜಗಲಿಯಲ್ಲೇ ಕುಡಿಯತಕ್ಕದ್ದು.